ವ್ಯಸನ, ಔಷಧ ಮತ್ತು ಬಿಡುಗಡೆ: ಒಂದು ವಿಮರ್ಶಾತ್ಮಕ ಓದು

ಮಾದಕ ವ್ಯಸನದ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ಪ್ರಸಂಗಗಳಿಗೆ ಕೊರತೆಯಿಲ್ಲ. ಜೂನ್ 26ರ ಆಸುಪಾಸಿನ ಭಾನುವಾರ ಯುವಜನರಿಗೆ ಎಚ್ಚರಿಕೆಯ ಮಾತು ಹೇಳುತ್ತೇವೆ. ಉಜ್ಜೀವನ ಕೂಟಗಳಲ್ಲಿ ಚಟ ಬಿಟ್ಟವರ ಸಾಕ್ಷಿ ಕೇಳುತ್ತೇವೆ. ಆದರೆ ಆರೋಗ್ಯ ಸಂಶೋಧಕರು ಇದೇ ವಿಷಯವಾಗಿ ಬರೆದುದನ್ನು ಓದಿ, ದೇವಜ್ಞಾನದ ನೆಲೆಯಿಂದ ಅದಕ್ಕೆ ಪ್ರತಿಕ್ರಿಯಿಸುವ ಬರವಣಿಗೆ ಕನ್ನಡದಲ್ಲಿ ವಿರಳ. ಈ ಲೇಖನದಲ್ಲಿ ಎರಡು ಪಠ್ಯಗಳನ್ನು ಎದುರುಬದುರಾಗಿ ಇರಿಸಿಕೊಂಡು ಓದುತ್ತೇವೆ. ಒಂದು, ದೆಹಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ಮಾದಕ ಅವಲಂಬನೆ ಚಿಕಿತ್ಸಾ ಕೇಂದ್ರವು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಸಿದ್ಧಪಡಿಸಿ 2019ರ ಫೆಬ್ರುವರಿಯಲ್ಲಿ ಪ್ರಕಟಿಸಿದ, ಭಾರತದಲ್ಲಿ ಮಾದಕ ವಸ್ತು ಬಳಕೆಯ ಪ್ರಮಾಣವನ್ನು ಕುರಿತ ವರದಿ. ಇನ್ನೊಂದು, 2014ರ ಜೂನ್ 20ರಂದು ರೋಮ್ ನಗರದಲ್ಲಿ ನಡೆದ ಮಾದಕ ನಿಯಂತ್ರಣಾಧಿಕಾರಿಗಳ ಅಂತರರಾಷ್ಟ್ರೀಯ ಸಮ್ಮೇಳನದ ಪ್ರತಿನಿಧಿಗಳಿಗೆ ಪೋಪ್ ಫ್ರಾನ್ಸಿಸ್ ಅವರು ಮಾಡಿದ ಭಾಷಣ. ಮೊದಲನೆಯದು ಎಣಿಸುವ ಪಠ್ಯ, ಎರಡನೆಯದು ಬೋಧಿಸುವ ಪಠ್ಯ. ಎರಡನ್ನೂ ಗೌರವದಿಂದ ಓದಬೇಕು, ಎರಡನ್ನೂ ಪ್ರಶ್ನಿಸಬೇಕು. ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ: ಸಭೆಯು ಬಿಡುಗಡೆಯ ಬಗ್ಗೆ ಆಡುವ ಮಾತಿನಲ್ಲಿ 'ಹಿಂದೆ' ಮತ್ತು 'ಈಗ' ಎಂಬ ಎರಡೇ ಕಾಲಗಳಿವೆ, 'ಇನ್ನೂ' ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ಆ ಎಡೆ ಇಲ್ಲದ ಕಾರಣದಿಂದಲೇ ಕೆಲವರು ಪ್ರಾಣ ಕಳೆದುಕೊಳ್ಳುತ್ತಾರೆ.

1. ಎಣಿಸುವ ಪಠ್ಯ

ಏಮ್ಸ್ ವರದಿಯ ಹಿಂದಿನ ಶ್ರಮ ಸಣ್ಣದಲ್ಲ. 186 ಜಿಲ್ಲೆಗಳ 2,00,111 ಮನೆಗಳಿಗೆ ಹೋಗಿ 4,73,569 ಜನರನ್ನು ಮಾತನಾಡಿಸಲಾಗಿದೆ. ಮನೆಬಾಗಿಲಿನಲ್ಲಿ ಯಾರೂ ತಾನು ಹೆರಾಯಿನ್ ಬಳಸುತ್ತೇನೆಂದು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಇದನ್ನು ಬಲ್ಲ ಸಂಶೋಧಕರು ಎರಡನೆಯ ದಾರಿಯೊಂದನ್ನೂ ಹಿಡಿದರು. ಬಳಸುವವರ ಮೂಲಕವೇ ಬಳಸುವ ಇತರರನ್ನು ತಲುಪುವ ಕ್ರಮದಲ್ಲಿ 123 ಜಿಲ್ಲೆಗಳಲ್ಲಿ ಅಕ್ರಮ ಮಾದಕಗಳ ಅವಲಂಬನೆಯಿರುವ 72,642 ಜನರನ್ನು ಸಂದರ್ಶಿಸಿದರು.

ಫಲಿತಾಂಶ ಹೀಗಿದೆ. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಪುರುಷರಲ್ಲಿ ಈ ಪ್ರಮಾಣ ಶೇ. 27.3, ಸ್ತ್ರೀಯರಲ್ಲಿ ಶೇ. 1.6. ಅಫೀಮು, ಹೆರಾಯಿನ್ ಹಾಗೂ ಅದೇ ವರ್ಗದ ನೋವುನಿವಾರಕಗಳನ್ನು, ಅಂದರೆ ಓಪಿಯಾಯ್ಡ್‌ಗಳನ್ನು, ಬಳಸುವವರು ಸುಮಾರು 2.26 ಕೋಟಿ. ಇವರಲ್ಲಿ ಸುಮಾರು 77 ಲಕ್ಷ ಜನರಿಗೆ ನೆರವು ಅಗತ್ಯ. ಮಾದಕವನ್ನು ಸೂಜಿಯಿಂದ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಇನ್ನು ಚಿಕಿತ್ಸೆಯ ಮಾತು: ಮದ್ಯದ ಅವಲಂಬನೆಯಿರುವ 38 ಜನರಲ್ಲಿ ಒಬ್ಬರಿಗೆ, ಅಕ್ರಮ ಮಾದಕಗಳ ಅವಲಂಬನೆಯಿರುವ 20 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ.

ಸೂಜಿಯ ಲೆಕ್ಕಕ್ಕೂ ಎಚ್‌ಐವಿಗೂ ಇರುವ ನಂಟು ಭಾರತಕ್ಕೆ ಹೊಸದಲ್ಲ. 1989ರ ಕೊನೆಯಿಂದ ಕೆಲವೇ ತಿಂಗಳುಗಳಲ್ಲಿ ಮಣಿಪುರದಲ್ಲಿ ಪರೀಕ್ಷೆಗೊಳಗಾದ ಸೂಜಿ ಬಳಕೆದಾರರ ಪೈಕಿ ಸುಮಾರು ಅರ್ಧದಷ್ಟು ಜನರಲ್ಲಿ ಸೋಂಕು ಕಂಡುಬಂತು. ಒಬ್ಬನ ರಕ್ತ ಉಳಿದ ಸೂಜಿ ಮತ್ತೊಬ್ಬನ ನರಕ್ಕೆ ಇಳಿದಾಗ ವೈರಾಣು ನೇರವಾಗಿ ದಾಟುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2017ರ ಕಾವಲು ಸಮೀಕ್ಷೆಯಲ್ಲಿ ಸೂಜಿ ಬಳಕೆದಾರರ ಸೋಂಕಿನ ಪ್ರಮಾಣ ಶೇ. 6.26. ಸಾಮಾನ್ಯ ವಯಸ್ಕರಲ್ಲಿ ಆ ಪ್ರಮಾಣ ಶೇ. 0.22ರ ಹತ್ತಿರವಿದೆ.

ವರದಿಯ ಶಿಫಾರಸುಗಳೂ ಗಮನಾರ್ಹ. ಬಳಸುವವನನ್ನು ಅಪರಾಧಿಯೆಂದು ಅಟ್ಟುವುದಕ್ಕಿಂತ ವಿಜ್ಞಾನಾಧಾರಿತ ಚಿಕಿತ್ಸೆಯನ್ನು ಅಗತ್ಯವಿರುವಷ್ಟು ಪ್ರಮಾಣದಲ್ಲಿ ಒದಗಿಸಿ, ಕಳಂಕದ ಭಾವನೆಯನ್ನು ತಗ್ಗಿಸಿ, ಕಾನೂನಿನ ವಾತಾವರಣವನ್ನು ಅದಕ್ಕೆ ಅನುಕೂಲವಾಗಿಸಿ ಎಂದು ಅದು ಕೇಳುತ್ತದೆ. ಸರ್ಕಾರದ ವರದಿಯೊಂದು ನಮ್ಮ ಎಷ್ಟೋ ಪ್ರಸಂಗಗಳಿಗಿಂತ ಹೆಚ್ಚು ಕರುಣೆಯಿಂದ ಮಾತಾಡಿದೆ ಎಂಬುದನ್ನು ಸಭೆಯು ಲಕ್ಷಿಸಬೇಕು.

2. ಎಣಿಕೆಗೆ ಸಿಗದವರು

ಆದರೂ ಈ ಪಠ್ಯದ ಮಿತಿಗಳನ್ನು ಹೇಳದಿರುವುದು ವಿಮರ್ಶೆಯಾಗದು. ಮೊದಲನೆಯದಾಗಿ, ಅದರ ಅಂದಾಜುಗಳು ರಾಜ್ಯಮಟ್ಟದವು. ಓಪಿಯಾಯ್ಡ್ ಹಾವಳಿ ಹೆಚ್ಚಿರುವ ಕಡೆಗಳೆಂದು ಈಶಾನ್ಯದ ರಾಜ್ಯಗಳು, ಪಂಜಾಬ್, ಹರಿಯಾಣ, ದೆಹಲಿ ಮುಂತಾದವು ಅಲ್ಲಿ ಎದ್ದು ಕಾಣುತ್ತವೆ; ಆ ಸಾಲಿನಲ್ಲಿ ಕರ್ನಾಟಕವಿಲ್ಲ. ಇದನ್ನೋದಿ ನೆಮ್ಮದಿಯ ಉಸಿರು ಬಿಡುವುದು ಸುಲಭ. ಆದರೆ 2019ರ ಅಂದಾಜಿನಂತೆ ಎಚ್‌ಐವಿಯೊಂದಿಗೆ ಬದುಕುತ್ತಿರುವವರ ಸಂಖ್ಯೆಯಲ್ಲಿ ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮ ರಾಜ್ಯದ್ದು: ಸುಮಾರು 2.69 ಲಕ್ಷ ಜನ. ಇಲ್ಲಿ ಸೋಂಕು ಹರಡಿದ್ದು ಬಹುಮಟ್ಟಿಗೆ ಸೂಜಿಯಿಂದಲ್ಲ, ಲೈಂಗಿಕ ಸಂಪರ್ಕದಿಂದ. ಸೂಜಿಯ ದಾರಿಯೂ ತೆರೆದುಕೊಂಡರೆ ಅದು ಬರಿಯ ನೆಲದ ಮೇಲಲ್ಲ, ಸೋಂಕು ಈಗಾಗಲೇ ನೆಲೆಸಿರುವ ಸಮಾಜದ ಮೇಲೆ ತೆರೆದುಕೊಳ್ಳುತ್ತದೆ. ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುವ ಯುವಕರ ಸುದ್ದಿ ಬೆಂಗಳೂರಿನಿಂದ ಬರುತ್ತಿರುವಾಗ, ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ ಎಂಬುದು ಸಮಾಧಾನದ ಮಾತಾಗದು.

ಎರಡನೆಯದಾಗಿ, ಒಂದು ಸ್ಥಳವನ್ನು ಮುಂದಿಟ್ಟುಕೊಂಡು ಈ ವರದಿಯನ್ನು ಓದಿ ನೋಡೋಣ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ, ಬಿ.ಎಚ್. ರಸ್ತೆಯ ಬದಿಯಲ್ಲಿ ಮಲವಗೊಪ್ಪವಿದೆ. ಅಲ್ಲಿನ ತುಂಗಭದ್ರಾ ಸಕ್ಕರೆ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿವೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ನಿಂತಿದೆ. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆಯ ಸೈರನ್ನಿಗೆ ದಿನಚರಿ ಹೊಂದಿಸಿಕೊಂಡಿದ್ದ ಮನೆಗಳಲ್ಲಿ ಆ ದಿನಚರಿಯೇ ಕಳಚಿಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಮೀಕ್ಷೆಯ ಕೋಷ್ಟಕಗಳಲ್ಲಿ ಅಂಕಣವಿಲ್ಲ. 'ಎಷ್ಟು ಜನ' ಎಂಬುದಕ್ಕೆ ವರದಿ ಉತ್ತರಿಸುತ್ತದೆ. 'ಏತಕ್ಕೆ' ಎಂಬುದು ಅದರ ವ್ಯಾಪ್ತಿಯ ಹೊರಗಿದೆ. ಆ ಪ್ರಶ್ನೆಯನ್ನು ಕೇಳುವ ಹೊಣೆ ಆ ಮನೆಗಳ ಒಳಹೊಕ್ಕು ಪ್ರಾರ್ಥಿಸುವ ಸಭಾಪಾಲಕರದು.

ಮೂರನೆಯದಾಗಿ, ಈ ಶಾಸ್ತ್ರದ ಪರಿಭಾಷೆ. ಸೋಂಕನ್ನು ತಿಳಿಯದೆ ಮನೆಗೆ ತರಬಹುದಾದವರನ್ನು ಎಚ್‌ಐವಿ ಸಂಶೋಧನೆಯಲ್ಲಿ 'ಸೇತುವೆ ಸಮುದಾಯ' ಎನ್ನುವ ರೂಢಿಯಿದೆ. ವೈರಾಣುವಿನ ದಾರಿ ಹುಡುಕುವವರಿಗೆ ಆ ಪದ ಉಪಯುಕ್ತವೇ ಸರಿ. ಆದರೆ ಸೇತುವೆಯ ಆಚೆ ದಡದಲ್ಲಿ ನಿಂತಿರುವ ಹೆಂಡತಿಗೆ ಆ ಭಾಷೆಯಲ್ಲಿ ಹೆಸರಿಲ್ಲ. ಆಕೆ ಸೋಂಕಿತಳಾದ ಮೇಲೆ ಮಾತ್ರ ಅಂಕಿಯೊಳಗೆ ಬರುತ್ತಾಳೆ. ಅದಕ್ಕೂ ಮುಂಚೆ, ಗಂಡನ ಚಟವನ್ನು ನೆರೆಹೊರೆಯವರಿಂದಲೂ ಸಭೆಯಿಂದಲೂ ಮುಚ್ಚಿಟ್ಟು ಆಕೆ ಕಳೆದ ವರ್ಷಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

3. ಬೋಧಿಸುವ ಪಠ್ಯ

ಈಗ ಎರಡನೆಯ ಪಠ್ಯಕ್ಕೆ ಬರೋಣ. ಪೋಪ್ ಫ್ರಾನ್ಸಿಸ್ ಅವರ 2014ರ ಭಾಷಣ ಚಿಕ್ಕದು, ಸ್ಪಷ್ಟವಾದದ್ದು. ಮಾದಕಕ್ಕೆ ಇಲ್ಲ ಎನ್ನಬೇಕಾದರೆ ಜೀವಕ್ಕೆ, ಪ್ರೀತಿಗೆ, ಶಿಕ್ಷಣಕ್ಕೆ, ಉದ್ಯೋಗಕ್ಕೆ ಹೌದು ಎನ್ನಬೇಕು ಎಂಬುದು ಅದರ ಶ್ರೇಷ್ಠ ಭಾಗ. ಕೆಲಸ ಕಳೆದುಕೊಂಡ ಊರುಗಳ ಸಭಾಪಾಲಕರು ಅದನ್ನು ಮತ್ತೆ ಮತ್ತೆ ಓದಬೇಕು. ಆದರೆ ಅದೇ ಭಾಷಣದಲ್ಲಿ, ಮಾದಕದ ಸಮಸ್ಯೆಯನ್ನು ಮಾದಕದಿಂದ ಬಗೆಹರಿಸಲಾಗದು, ಬದಲಿ ಔಷಧಗಳು ತಕ್ಕ ಚಿಕಿತ್ಸೆಯಾಗಲಾರವು, ಅವು ಕೆಡುಕಿಗೆ ಮುಸುಕಿನೊಳಗೆ ಶರಣಾಗುವ ಬಗೆ ಎಂಬ ಅರ್ಥದ ಮಾತುಗಳೂ ಇವೆ.

ಇದು ಕಥೋಲಿಕ ಸಭೆಯ ಮಾತು ಮಾತ್ರವೆಂದು ನಾವು ದೂರ ನಿಂತು ನೋಡುವಂತಿಲ್ಲ. ಕನ್ನಡ ನಾಡಿನ ಪ್ರೊಟೆಸ್ಟಂಟ್ ಬೋಧಪೀಠಗಳಿಂದಲೂ ಉಜ್ಜೀವನ ವೇದಿಕೆಗಳಿಂದಲೂ ಹೊರಡುವ ಮಾತು ಇದೇ. ವ್ಯತ್ಯಾಸವೆಂದರೆ ಅಲ್ಲಿ ಇದ್ದ ಸಂಯಮ ಇಲ್ಲಿ ಇರುವುದಿಲ್ಲ. ಮಾತ್ರೆಯನ್ನು ಅವಿಶ್ವಾಸದ ಗುರುತೆಂದು, ಅದನ್ನು ಬಿಸಾಡುವುದನ್ನು ವಿಶ್ವಾಸದ ಗುರುತೆಂದು ಹೇಳುವುದುಂಟು. ಗಲಾತ್ಯ 5:20ರ ಮೂಲದಲ್ಲಿರುವ 'ಫಾರ್ಮಕೇಯ' ಎಂಬ ಗ್ರೀಕ್ ಪದವನ್ನು ಹಿಡಿದು ಔಷಧವನ್ನೇ ಶರೀರಭಾವದ ಕರ್ಮಗಳ ಪಟ್ಟಿಗೆ ಸೇರಿಸುವವರೂ ಇದ್ದಾರೆ. ಪೌಲನು ವಿಗ್ರಹಾರಾಧನೆಯ ಪಕ್ಕದಲ್ಲಿ ಹೆಸರಿಸುವುದು ಮಂತ್ರತಂತ್ರವನ್ನು. ನಮ್ಮ ಸತ್ಯವೇದದ ಭಾಷಾಂತರಕಾರರು ಅಲ್ಲಿ 'ಮಾಟ' ಎಂಬ ಪದವನ್ನಿಟ್ಟು ಸರಿಯಾದ ಅರ್ಥವನ್ನೇ ಕಾಪಾಡಿದ್ದಾರೆ. ಪದದ ಬೇರು ಹಿಡಿದು ಅರ್ಥ ಕಟ್ಟುವುದಾದರೆ ಗಾಯಕ್ಕೆ ಎಣ್ಣೆ ಹೊಯ್ದ ಸಮಾರ್ಯದವನೂ ತಪ್ಪಿತಸ್ಥನಾದಾನು.

4. ಔಷಧ ಮಾಡುವ ಕೆಲಸ

ಬದಲಿ ಚಿಕಿತ್ಸೆ ಏನು ಮಾಡುತ್ತದೆಂಬುದನ್ನು ತಿಳಿಯದೆ ಅದನ್ನು ಖಂಡಿಸುವುದಾಗಲಿ ಮೆಚ್ಚುವುದಾಗಲಿ ನ್ಯಾಯವಲ್ಲ. 1965ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಡೋಲ್ ಮತ್ತು ನೈಸ್ವಾಂಡರ್ ಅವರು ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಔಷಧವನ್ನು ನಿತ್ಯ ಕೊಟ್ಟು ಪಡೆದ ಫಲವನ್ನು ಪ್ರಕಟಿಸಿದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್‌ಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಮುಖ್ಯವಾಗಿ ಬಳಸುವುದು ಬ್ಯುಪ್ರೆನಾರ್ಫಿನ್; ಕೇಂದ್ರಕ್ಕೆ ಬಂದವನ ನಾಲಿಗೆಯ ಕೆಳಗೆ ಮಾತ್ರೆಯಿರಿಸಿ, ಅದು ಕರಗುವವರೆಗೆ ಸಿಬ್ಬಂದಿ ಎದುರಿಗೇ ಇರುವುದು ಕ್ರಮ. ಮಿದುಳಿನಲ್ಲಿ ಹೆರಾಯಿನ್ ಅಂಟಿಕೊಳ್ಳುವ ಜಾಗದಲ್ಲೇ ಇದೂ ಅಂಟಿಕೊಳ್ಳುತ್ತದೆ. ಆದರೆ ಅದರ ಕ್ರಿಯೆ ಭಾಗಶಃ, ಬಾಳಿಕೆ ದೀರ್ಘ. ಮೈಮುರಿತ, ಬೆವರು, ವಾಂತಿ, ನಿದ್ರೆಯಿಲ್ಲದ ರಾತ್ರಿಗಳ ಯಾತನೆ ಅದರಿಂದ ತಗ್ಗುತ್ತದೆ. ಮುಂದಿನ ಚುಚ್ಚುಮದ್ದನ್ನು ಹುಡುಕುವ ಓಟ ನಿಲ್ಲುತ್ತದೆ. ಸೂಜಿ ಬೇಡವಾದಾಗ ಸೂಜಿಯ ಸೋಂಕಿಗೂ ದಾರಿಯಿಲ್ಲ.

ಇದು ಬರಿಯ ತರ್ಕವಲ್ಲ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆಯಂತೆ, ಬದಲಿ ಚಿಕಿತ್ಸೆಯಲ್ಲಿರುವ ಸೂಜಿ ಬಳಕೆದಾರರಿಗೆ ಎಚ್‌ಐವಿ ತಗಲುವ ಸಂಭವ ಶೇ. 54ರಷ್ಟು ಕಡಿಮೆ. ಅದೇ ಪತ್ರಿಕೆಯ 2017ರ ಇನ್ನೊಂದು ಪರಿಶೀಲನೆ ಸಾವಿನ ಲೆಕ್ಕವನ್ನು ನೋಡಿತು. ಮೆಥಡೋನ್ ಪಡೆಯುತ್ತಿರುವ ಸಾವಿರ ಜನರಲ್ಲಿ ವರ್ಷಕ್ಕೆ 11.3 ಸಾವು, ಚಿಕಿತ್ಸೆಯಿಂದ ಹೊರಗೆ ಉಳಿದಾಗ 36.1. ಬ್ಯುಪ್ರೆನಾರ್ಫಿನ್ ಪಡೆಯುತ್ತಿರುವಾಗ 4.3, ಹೊರಗೆ 9.5. ಹೊರಬಿದ್ದ ಮೊದಲ ವಾರಗಳಲ್ಲೇ ಅಪಾಯ ತೀವ್ರ. ಕಾರಣ ಸರಳ: ಕೆಲವು ವಾರ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಮತ್ತೆ ಹಳೆಯಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಆದ್ದರಿಂದ ಓಪಿಯಾಯ್ಡ್ ವ್ಯಸನಿಯ ಬದುಕಿನ ಅತ್ಯಂತ ಅಪಾಯದ ದಿನಗಳು, ಸಭೆಯು ಅವನನ್ನು ವೇದಿಕೆಗೆ ಕರೆದು ಸಾಕ್ಷಿ ಹೇಳಿಸುವ ದಿನಗಳೇ ಆಗಿರಬಹುದು.

ಎದುರುವಾದವನ್ನೂ ಕೇಳಬೇಕು. ಔಷಧವೇ ಮಾದಕವಾಗುವ ಭಯ ಕಲ್ಪಿತವಲ್ಲ. ಬ್ಯುಪ್ರೆನಾರ್ಫಿನ್ ಚುಚ್ಚುಮದ್ದು ನಮ್ಮ ದೇಶದಲ್ಲಿ ದುರ್ಬಳಕೆಯಾಗಿರುವ ಔಷಧಗಳಲ್ಲಿ ಒಂದು. ಸಿಬ್ಬಂದಿಯ ಎದುರಿನಲ್ಲಿ ಮಾತ್ರೆ ಕೊಡುವ ನಿಯಮ ಹುಟ್ಟಿದ್ದೂ ಇದಕ್ಕಾಗಿ. ಆ ಎರಡು ಪರಿಶೀಲನೆಗಳಿಗೆ ಒಳಪಟ್ಟ ಅಧ್ಯಯನಗಳು ಬಹುಪಾಲು ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಗಳವು ಎಂಬುದೂ ನಿಜ. ಮಾತ್ರೆ ಕೊಟ್ಟು ಮನುಷ್ಯನನ್ನು ಮರೆತುಬಿಡುವ ಚಿಕಿತ್ಸಾಲಯವೂ ಇದ್ದೀತು. ಪೋಪ್ ಅವರ ಮಾತಿನ ಹಿಂದೆ ಇರುವುದು ಆ ಆತಂಕವೇ ಆಗಿದ್ದರೆ ಅದು ನ್ಯಾಯವಾದದ್ದು. ಆದರೆ ಕೆಟ್ಟ ಚಿಕಿತ್ಸೆಗೆ ಉತ್ತರ ಒಳ್ಳೆಯ ಚಿಕಿತ್ಸೆಯೇ ಹೊರತು ಚಿಕಿತ್ಸೆಯ ನಿರಾಕರಣೆಯಲ್ಲ.

ಭಾರತದ ಕ್ರೈಸ್ತರಿಗೆ ಹತ್ತಿರದ ನಿದರ್ಶನವೂ ಇದೆ. 2004ರಿಂದ ಮಣಿಪುರ ಮತ್ತು ನಾಗಾಲ್ಯಾಂಡ್‌ಗಳಲ್ಲಿ 'ಆರ್ಕಿಡ್' ಯೋಜನೆಯಡಿ ಸೂಜಿ ವಿನಿಮಯವನ್ನೂ ಬದಲಿ ಚಿಕಿತ್ಸೆಯನ್ನೂ ನಡೆಸಿದ್ದು ಇಮ್ಯಾನುಯೆಲ್ ಹಾಸ್ಪಿಟಲ್ ಅಸೋಸಿಯೇಷನ್ ಎಂಬ ಕ್ರೈಸ್ತ ವೈದ್ಯಕೀಯ ಸಂಘ. 2011ರ ಜನಗಣತಿಯಂತೆ ನಾಗಾಲ್ಯಾಂಡಿನ ಹತ್ತರಲ್ಲಿ ಸುಮಾರು ಒಂಬತ್ತು ಜನ ಕ್ರೈಸ್ತರು, ಮಿಜೋರಾಮಿನಲ್ಲೂ ಹಾಗೆಯೇ. ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ದೇಶದಲ್ಲೇ ಅತಿ ಹೆಚ್ಚಿರುವುದು ಮಿಜೋರಾಮ್, ನಾಗಾಲ್ಯಾಂಡ್ ಮತ್ತು ಮಣಿಪುರಗಳಲ್ಲಿ. ಅಲ್ಲಿ ಸೋಂಕಿತನು ಸಭೆಯ ಹೊರಗಿನ ಅಪರಿಚಿತನಲ್ಲ, ಪಕ್ಕದ ಬೆಂಚಿನವನು. ಆ ಬೆಂಚಿನಲ್ಲಿ ಕುಳಿತು ಯೋಚಿಸಿದ ಕ್ರೈಸ್ತರು ಶುದ್ಧ ಸೂಜಿಯನ್ನೂ ನಿತ್ಯದ ಮಾತ್ರೆಯನ್ನೂ ಸೇವೆಯೆಂದು ಎಣಿಸಿದರು. ನಾವು ದೂರದಲ್ಲಿ ಕುಳಿತು ಅದನ್ನು ರಾಜಿಯೆಂದು ಕರೆಯುವ ಮುನ್ನ ಯೋಚಿಸಬೇಕು.

5. ಶಾಸ್ತ್ರದ ಬೆಳಕಿನಲ್ಲಿ

ಹಾಗಾದರೆ ಬಿಡುಗಡೆಯ ಸುವಾರ್ತೆ ಏನಾಯಿತು ಎಂಬ ಪ್ರಶ್ನೆ ಏಳುತ್ತದೆ. ಅದು ಸರಿಯಾದ ಪ್ರಶ್ನೆ. ಕ್ರಿಸ್ತನು ಬಿಡಿಸುತ್ತಾನೆಂಬುದನ್ನು ನಾವು ಒಂದಿಷ್ಟೂ ಸಡಿಲಿಸುವುದಿಲ್ಲ. ಪ್ರಶ್ನೆಯಿರುವುದು ಆ ಬಿಡುಗಡೆಗೆ ಶಾಸ್ತ್ರವು ಒಂದೇ ರೂಪವನ್ನು ಹೇಳುತ್ತದೆಯೇ ಎಂಬಲ್ಲಿ.

ಮಾರ್ಕ 8:22-26ರಲ್ಲಿ ಬೇತ್ಸಾಯಿದದ ಕುರುಡನಿದ್ದಾನೆ. ಯೇಸು ಅವನ ಕೈಹಿಡಿದು ಊರ ಹೊರಗೆ ಕರೆದೊಯ್ಯುತ್ತಾನೆ, ಮುಟ್ಟುತ್ತಾನೆ, ಆಮೇಲೆ ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಾನೆ. ಆ ಮನುಷ್ಯ ಸುಳ್ಳು ಸಾಕ್ಷಿ ಹೇಳುವುದಿಲ್ಲ. ಜನರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಎನ್ನುತ್ತಾನೆ. ಕರ್ತನು ಅವನ ವಿಶ್ವಾಸವನ್ನು ಹಳಿಯದೆ ಮತ್ತೊಮ್ಮೆ ಕೈಯಿಡುತ್ತಾನೆ. ಈ ಭಾಗವನ್ನು ಶಿಷ್ಯರ ಅರೆಬರೆ ತಿಳುವಳಿಕೆಯ ಸಂಕೇತವಾಗಿ ವ್ಯಾಖ್ಯಾನಿಸುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಸಂಕೇತದ ಭರದಲ್ಲಿ ಆ ಮನುಷ್ಯನನ್ನೇ ಮರೆಯಬಾರದು. ಎರಡು ಸ್ಪರ್ಶಗಳ ನಡುವೆ ಅವನು ಎಲ್ಲಿ ನಿಂತಿದ್ದ? ಕರ್ತನ ಕೈಯಳತೆಯಲ್ಲೇ. ಅರ್ಧ ಕಂಡವನು ಅರ್ಧ ಕಂಡೆನೆಂದು ಹೇಳಬಹುದಾದ ಸ್ಥಳ ಅದು. ನಮ್ಮ ಸಾಕ್ಷಿಯ ವೇದಿಕೆ ಅಂಥ ಸ್ಥಳವಾಗಿದೆಯೇ? 'ಹಿಂದೆ ಕುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ' ಎಂದವನಿಗೆ ಸ್ತೋತ್ರದ ಧ್ವನಿ ಏಳುತ್ತದೆ. 'ಇನ್ನೂ ಮಾತ್ರೆಯಲ್ಲಿದ್ದೇನೆ, ಇನ್ನೂ ಹೋರಾಡುತ್ತಿದ್ದೇನೆ' ಎಂದವನಿಗೆ ಮೌನವೇ ಉತ್ತರ. ಹೀಗೆ ಸಾಕ್ಷಿ ಹೇಳಿ ಮತ್ತೆ ಬಿದ್ದವನು ಎಲ್ಲಿಗೆ ಬರಬೇಕಿತ್ತೋ ಅಲ್ಲಿಗೇ ಬರಲಾರದೆ ಹೋಗುತ್ತಾನೆ.

ಮತ್ತಾಯ 12:43-45ರ ಸಾಮ್ಯವನ್ನೂ ನೋಡೋಣ. ದುರಾತ್ಮ ಬಿಟ್ಟುಹೋದ ಮನೆ ಗುಡಿಸಿ ಅಣಿಯಾಗಿದೆ, ಆದರೆ ಬರಿದಾಗಿದೆ. ಹೋದದ್ದು ಏಳನ್ನು ಕರೆದುಕೊಂಡು ಬಂದಾಗ ಆ ಮನುಷ್ಯನ ಕಡೆಯ ಸ್ಥಿತಿ ಮೊದಲಿಗಿಂತ ಕೆಟ್ಟದ್ದಾಗುತ್ತದೆ. ಕರ್ತನು ಇದನ್ನು ಹೇಳಿದ್ದು ಆ ಸಂತತಿಯವರನ್ನು ಕುರಿತು. ಆದರೂ ಕೆಲವು ವಾರ ಒಳಗಿಟ್ಟು, ದೇಹವನ್ನು ಬರಿದು ಮಾಡಿ, ಕೆಲಸವೂ ಔಷಧವೂ ಒಡನಾಟವೂ ಇಲ್ಲದೆ ಮನೆಗೆ ಕಳಿಸುವ ಕ್ರಮಕ್ಕೆ ಇದಕ್ಕಿಂತ ಕಠಿಣ ಎಚ್ಚರಿಕೆ ಬೇಕೆ? 2017ರ ಅಂಕಿಗಳು ಹೇಳುವುದೂ ಬರಿದಾದ ಮನೆಯ ಕಥೆಯನ್ನೇ.

ಇನ್ನು ಅವಲಂಬನೆ ಎಂಬ ಪದ. ಸ್ವಾವಲಂಬನೆಯೇ ಆರೋಗ್ಯ, ಅವಲಂಬನೆಯೇ ರೋಗ ಎಂಬುದು ಈ ಕಾಲದ ನಂಬಿಕೆ, ಸುವಾರ್ತೆಯ ನಂಬಿಕೆಯಲ್ಲ. ಅಡವಿಯಲ್ಲಿ ಮನ್ನವು ದಿನದ ಅಳತೆಗೆ ದೊರೆಯಿತು, ನಾಳೆಗೆ ಕೂಡಿಟ್ಟದ್ದು ಹುಳಬಿದ್ದಿತು (ವಿಮೋಚನಕಾಂಡ 16). ಕರ್ತನು ಕಲಿಸಿದ ಪ್ರಾರ್ಥನೆಯೂ ಆಯಾ ದಿನದ ರೊಟ್ಟಿಯನ್ನೇ ಬೇಡುತ್ತದೆ. ಪೌಲನ ಶರೀರದಲ್ಲಿ ನೆಟ್ಟ ಶೂಲವು ಮೂರು ಸಾರಿ ಬೇಡಿಕೊಂಡರೂ ಹೋಗಲಿಲ್ಲ. ಅದರೊಂದಿಗೇ ಬದುಕಲು ಸಾಕಾಗುವಷ್ಟು ಕೃಪೆ ದೊರೆಯಿತು (2 ಕೊರಿಂಥ 12:7-9). ವಿನಾಶಕ್ಕೆ ಎಳೆಯುವ ದಾಸತ್ವವೂ ಜೀವ ಉಳಿಸುವ ನಿತ್ಯದ ಆಧಾರವೂ ಒಂದೇ ಅಲ್ಲ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಇನ್ಸುಲಿನ್ ಬಿಡಿರೆಂದು ನಾವು ಹೇಳುವುದಿಲ್ಲ. ಹೋಲಿಕೆ ಪೂರ್ಣವಲ್ಲ, ನಿಜ. ವ್ಯಸನದಲ್ಲಿ ಇಚ್ಛೆಯೂ ಪಾಪವೂ ಪಶ್ಚಾತ್ತಾಪವೂ ಸೇರಿವೆ. ಆದರೆ ಪಶ್ಚಾತ್ತಾಪಪಡಲು ಮನುಷ್ಯ ಬದುಕಿರಬೇಕು.

6. ಸಭಾಪಾಲನೆಗೆ

ಈ ಓದಿನಿಂದ ನಮ್ಮ ಸೇವೆಗೆ ಕೆಲವು ನಿರ್ಣಯಗಳು ಹುಟ್ಟುತ್ತವೆ. ವೈದ್ಯರು ಕೊಟ್ಟ ಔಷಧವನ್ನು ಬಿಡಲು ಸಭಾಪಾಲಕರು ಎಂದೂ ಹೇಳಬಾರದು; ಪ್ರಾರ್ಥನೆಯ ಹುರುಪಿನಲ್ಲಿ ಯಾರಾದರೂ ಬಿಡುತ್ತೇನೆಂದರೆ ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಶಿವಮೊಗ್ಗ–ಭದ್ರಾವತಿ ಭಾಗದವರಿಗೆ ಮೆಗ್ಗಾನ್ ಬೋಧನಾ ಆಸ್ಪತ್ರೆ ದೂರವಲ್ಲ. ಮಾದಕ ವ್ಯಸನಕ್ಕೆ 14446, ಎಚ್‌ಐವಿ ವಿಷಯಕ್ಕೆ 1097 ಎಂಬ ರಾಷ್ಟ್ರೀಯ ಸಹಾಯವಾಣಿಗಳ ಸಂಖ್ಯೆಗಳು ಸಭೆಯ ಫಲಕದಲ್ಲಿ ಆರಾಧನೆಯ ವೇಳಾಪಟ್ಟಿಯ ಪಕ್ಕದಲ್ಲಿರಲಿ. ಒಬ್ಬರ ಎಚ್‌ಐವಿ ಸ್ಥಿತಿಯನ್ನು, ಪ್ರಾರ್ಥನೆಯ ಕೋರಿಕೆಯ ರೂಪದಲ್ಲಿಯೂ, ಅವರ ಸಮ್ಮತಿಯಿಲ್ಲದೆ ಹೊರಗೆಡಹಬಾರದು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕಾಯುತ್ತದೆ. ಅಪಾಯ ತಗ್ಗಿಸುವ ಸೇವೆ ಮಾಡುವವರಿಗೂ ರಕ್ಷಣೆ ಕೊಡುತ್ತದೆ. ಸಾಕ್ಷಿಯ ವಿಷಯದಲ್ಲಿ ಅವಸರ ಬೇಡ. ಹೊಸದಾಗಿ ಬಿಟ್ಟವನಿಗೆ ಬೇಕಾದದ್ದು ಧ್ವನಿವರ್ಧಕವಲ್ಲ, ವಾರವಾರವೂ ಮನೆಗೆ ಬರುವ ಒಬ್ಬ ಸಹೋದರ. ಅವನ ಹೆಂಡತಿಯನ್ನು ಅವನ ಹೋರಾಟದ ಸಹಾಯಕಿಯೆಂದಷ್ಟೇ ಕಾಣದೆ, ಆಕೆಯ ಭಯವನ್ನೂ ಪರೀಕ್ಷೆ ಚಿಕಿತ್ಸೆಗಳ ಅಗತ್ಯವನ್ನೂ ಆಕೆಯದ್ದಾಗಿಯೇ ಕೇಳಬೇಕು.

ದೇವಜ್ಞಾನ ವಿದ್ಯಾರ್ಥಿಗಳಿಗೆ ಒಂದು ಮಾತು. ಸಂಶೋಧನಾ ವರದಿಯನ್ನು ಓದುವುದು ಸತ್ಯವೇದದ ಓದಿಗೆ ಎದುರಾದದ್ದಲ್ಲ. ಎಷ್ಟು ಜನ ಗಾಯಗೊಂಡು ದಾರಿಯಲ್ಲಿ ಬಿದ್ದಿದ್ದಾರೆಂದು ವರದಿ ಹೇಳುತ್ತದೆ. ಅವರನ್ನು ದಾಟಿ ಹೋದವರು ಯಾರೆಂದು ಶಾಸ್ತ್ರ ಕೇಳುತ್ತದೆ. ಲೂಕ 10ರ ಸಮಾರ್ಯದವನು ಗಾಯ ಕಟ್ಟಿ ತನ್ನ ದಾರಿ ಹಿಡಿದು ಮರೆತುಬಿಡಲಿಲ್ಲ. ಎರಡು ಹಣ ಕೊಟ್ಟು, ಹೆಚ್ಚು ವೆಚ್ಚವಾದರೆ ತಿರುಗಿ ಬಂದಾಗ ತೀರಿಸುವೆನೆಂದು ಛತ್ರದವನಿಗೆ ಹೇಳಿದ. ಎಷ್ಟು ದಿನವಾದೀತೆಂದು ಅವನು ಕೇಳಲಿಲ್ಲ, ಇಷ್ಟು ದಿನದೊಳಗೆ ವಾಸಿಯಾಗಬೇಕೆಂದು ಗಡುವೂ ಇಡಲಿಲ್ಲ. ಶಿವಮೊಗ್ಗದಿಂದ ಭದ್ರಾವತಿಯವರೆಗಿನ ದಾರಿಯಲ್ಲಿಯೂ ಸಭೆಗೆ ಒಪ್ಪಿಸಲ್ಪಟ್ಟಿರುವುದು ಆ ಛತ್ರದವನ ಕೆಲಸವೇ.